ಧಾರೆ ಕಾಯಿಗೆ ಹಾಕಿದ ವೈರು

ಮದುವೆ ಮನೆಯಲ್ಲಿ ಈಗ ತೆಂಗಿನಕಾಯಿಯನ್ನೂ ಬರಿಮೈಯಲ್ಲಿ ಬಿಡುವುದಿಲ್ಲ. ಅದಕ್ಕೆ ಮುತ್ತು, ಹರಳು, ಜರಿ, ಲೇಸು. ಅಡಿಕೆಗೆ ಟೋಪಿ, ಅರಿಶಿನದ ಕೊಂಬಿಗೆ ಕುಚ್ಚು, ಅಕ್ಕಿ ಅಳೆಯುವ ಸೇರಿಗೆ ಮಖಮಲ್ಲಿನ ಲಂಗ. ಇದನ್ನೆಲ್ಲ ನೋಡಿ ನಗುವ ಹಕ್ಕು ನನಗಿಲ್ಲ. ಹುಣಸೂರಿನ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕೂತು ಹದಿನೈದು ವರ್ಷದಿಂದ ಇವಕ್ಕೆಲ್ಲ ಬಟ್ಟೆ ತೊಡಿಸುತ್ತಿರುವವಳು ನಾನೇ. ಆದರೂ ನಗುತ್ತೇನೆ. ಮಾಡಿಸಿಕೊಂಡವರು ಅತ್ತ ಹೋದ ಮೇಲೆ ನಗುತ್ತೇನೆ. ಕೆಲವು ಸಲ ಅವರು ಗೇಟು ದಾಟುವವರೆಗೂ ತಡೆದುಕೊಳ್ಳಲು ಆಗುವುದಿಲ್ಲ.

ನನ್ನ ನಾಲಿಗೆ ಸರಿಯಿಲ್ಲ ಎಂದು ಮನೆಯವರು ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರ್ಮಾನಿಸಿದ್ದರು. ನಾನದನ್ನು ಹೊಗಳಿಕೆ ಎಂದುಕೊಂಡೆ. ಮದುವೆಯಾಗಲಿಲ್ಲ, ಅದಕ್ಕೂ ನಾಲಿಗೆಯೇ ಕಾರಣ ಎಂದು ಅಕ್ಕ ಹೇಳುತ್ತಾಳೆ. ನೋಡಲು ಬಂದಿದ್ದ ಗಂಡುಗಳನ್ನು ನೆನೆಸಿಕೊಂಡರೆ ನಾಲಿಗೆಗೆ ಕೈ ಮುಗಿಯಬೇಕು ಅನಿಸುತ್ತದೆ.

ವಾರಕ್ಕೆ ಮೂರು ಮಧ್ಯಾಹ್ನ ಏಳೆಂಟು ಹೆಂಗಸರು ನನ್ನಲ್ಲಿ ಕ್ರಾಫ್ಟ್ ಕಲಿಯಲು ಬರುತ್ತಾರೆ. ಕಲಿಯಲು ಎಂಬುದು ಅವರ ಮಾತು. ಮನೆಯಿಂದ ಎರಡು ಗಂಟೆ ತಪ್ಪಿಸಿಕೊಳ್ಳಲು ಎಂಬುದು ನನ್ನ ಮಾತು. ಬರುವಾಗಲೇ ಫೋನಿನಲ್ಲಿ ಒಂದು ವಿಡಿಯೋ ಹಿಡಿದುಕೊಂಡು, ಮೇಡಂ ಇದನ್ನು ಹೇಳಿಕೊಡಿ ಎನ್ನುತ್ತಾರೆ. ಆ ವಿಡಿಯೋಗಳಲ್ಲಿ ಎರಡು ಕೈ ಮಾತ್ರ ಇರುತ್ತವೆ, ಉಗುರಿಗೆ ಬಣ್ಣ, ಹಿಂದೆ ಸಂಗೀತ. ತಲೆ ಇರುವುದಿಲ್ಲ. ಮಾಡುತ್ತಿರುವ ಕೆಲಸ ನೋಡಿದರೆ ಅದು ಗೊತ್ತಾಗುತ್ತದೆ.

ನೂಲು ಮೆತ್ತಿದ ತಂತಿ ನಮ್ಮ ಕೋಣೆಗೆ ಬಂದದ್ದು ಹಾಗೆಯೇ. ಸಣ್ಣ ಕಬ್ಬಿಣದ ತಂತಿ ಎರಡನ್ನು ಹುರಿ ಮಾಡಿ ನಡುವೆ ಬಣ್ಣದ ನೂಲಿನ ತುಣುಕು ಸಿಕ್ಕಿಸಿರುತ್ತಾರೆ. ಮುಟ್ಟಿದರೆ ಮೆತ್ತಗೆ, ಬಗ್ಗಿಸಿದ ಕಡೆ ಬಗ್ಗುತ್ತದೆ, ನಿಲ್ಲಿಸಿದ ಕಡೆ ನಿಲ್ಲುತ್ತದೆ. ಪಿರಿಯಾಪಟ್ಟಣದ ಕಡೆಯ ಕೊಪ್ಪದ ಫ್ಯಾನ್ಸಿ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. ಅದಕ್ಕೊಂದು ಇಂಗ್ಲಿಷ್ ಹೆಸರಿದೆ, ನಮ್ಮ ಹೆಂಗಸರು ಅದನ್ನು ಕಂಬಳಿಹುಳ ಎಂದರು. ಅವರು ಇಷ್ಟು ವರ್ಷದಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ ಆ ಹೆಸರಿಟ್ಟದ್ದು.

ಮೊದಲ ದಿನವೇ ನಾನು ಹೇಳಿದ್ದೆ, ಒಳಗಿರುವುದು ಕಬ್ಬಿಣ, ನೀರು ತಾಗುವ ಕಡೆ ಇದನ್ನು ಇಡಬೇಡಿ ಅಂತ. ಬ್ಯಾಂಕಿನವರ ಹೆಂಡತಿ ಒಬ್ಬಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಳಿ ಕಂಬಳಿಹುಳದಲ್ಲಿ ಹೂವು ಮಾಡಿ ತುಳಸಿಕಟ್ಟೆಯ ಸುತ್ತ ಸಿಕ್ಕಿಸಿ ದಿನಾ ನೀರು ಹೊಯ್ದಳು. ಹತ್ತೇ ದಿನಕ್ಕೆ ಹೂವಿನ ಬುಡದಿಂದ ಕಂದು ನೀರು ಇಳಿದು, ಹೊಸದಾಗಿ ಸುಣ್ಣ ಬಳಿದ ಕಟ್ಟೆಯೆಲ್ಲ ಕರೆಕರೆಯಾಯಿತು. ಅದರ ಫೋಟೋ ತೋರಿಸಿ ಏನು ಮಾಡಲಿ ಮೇಡಂ ಎಂದಳು. ತುಳಸಿಗೆ ಭೇದಿಯಾಗಿದೆ, ಡಾಕ್ಟರಿಗೆ ತೋರಿಸಿ ಎಂದೆ. ಎಲ್ಲರೂ ನಕ್ಕರು. ಅವಳು ಮರುವಾರದಿಂದ ಬರಲಿಲ್ಲ. ಒಂದು ಪೀಡೆ ಕಳೆಯಿತು ಎಂದುಕೊಂಡು ಅವಳ ಕುರ್ಚಿಯ ಮೇಲೆ ನೂಲಿನ ಡಬ್ಬಿ ಇಟ್ಟೆ.

ಇಷ್ಟು ತಿಳಿದವಳು ನಾನು. ತಿಳಿದೂ ತಿಳಿದೂ ಮಾಡಿದ್ದನ್ನು ಹೇಳುತ್ತೇನೆ.

ನನ್ನ ಅಕ್ಕನನ್ನು ಸಾಲಿಗ್ರಾಮದ ಹತ್ತಿರದ ಹಳ್ಳಿಗೆ ಕೊಟ್ಟಿದೆ. ನಾಲೆ ನೀರಿನ ಗದ್ದೆ, ಎರಡು ಹಸು, ಒಬ್ಬಳೇ ಮಗಳು. ಆ ಮಗಳು ಶಾಲೆ ರಜೆಯನ್ನೆಲ್ಲ ನನ್ನ ಮನೆಯಲ್ಲಿ ಕಳೆದವಳು. ನನಗೆ ಅವಳೆಂದರೆ ಪ್ರಾಣ. ಅದನ್ನು ಅವಳಿಗೆ ಯಾವತ್ತೂ ನೇರವಾಗಿ ಹೇಳಿಲ್ಲ, ಆಡಿಕೊಂಡು ನಕ್ಕೇ ತೋರಿಸಿದ್ದೇನೆ. ಕೆ.ಆರ್. ನಗರದಲ್ಲಿ ಬಿ.ಎಡ್. ಮುಗಿಸಿದ ಮೇಲೆ ಅವಳಿಗೊಂದು ಸಂಬಂಧ ಬಂದು, ವೀಳ್ಯಶಾಸ್ತ್ರವೂ ಆಯಿತು. ಆರತಿ ಎತ್ತುವಾಗ ದೀಪ ಆರಿತು. ಅಪಶಕುನ ಎಂದು ಆ ಕಡೆಯವರು ವಾರದಲ್ಲಿ ಮಾತು ಮುರಿದರು. ದೀಪ ಆರದೆ ಏನು ಮಾಡೀತು, ಸೆಕೆ ಸೆಕೆ ಎಂದು ಫ್ಯಾನ್ ಹಾಕಿಸಿದವನು ಆ ಗಂಡಿನ ಅಪ್ಪನೇ. ಆ ಮನುಷ್ಯನ ತಲೆಯಲ್ಲಿ ಇದ್ದದ್ದೂ ಗಾಳಿಯೇ.

ಆದರೆ ಊರು ಫ್ಯಾನಿನ ಲೆಕ್ಕ ಇಡುವುದಿಲ್ಲ. ಆಮೇಲೆ ಎರಡು ವರ್ಷ ಯಾರೂ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಹುಡುಗಿ ಒಂದು ಶಾಲೆಯಲ್ಲಿ ಪಾಠ ಹೇಳಿಕೊಂಡು ಸುಮ್ಮನಿದ್ದಳು. ಅಕ್ಕ ಸುಮ್ಮನಿರಲಿಲ್ಲ, ಕರಗಿ ಅರ್ಧವಾದಳು. ಕೊನೆಗೆ ಪಿರಿಯಾಪಟ್ಟಣದಿಂದ ಆಚೆ ಒಂದು ಹಳ್ಳಿಯಿಂದ ಸಂಬಂಧ ಕೂಡಿತು. ಹೊಗೆಸೊಪ್ಪು ಬೆಳೆಯುವವರು, ಸೊಪ್ಪು ಒಣಗಿಸುವ ಸ್ವಂತ ಬ್ಯಾರನ್ ಇದೆ, ಹುಡುಗ ಒಳ್ಳೆಯವನು, ಹುಡುಗಿಯನ್ನು ಮೆಚ್ಚಿ ಕೇಳಿಕೊಂಡು ಬಂದವನು. ಆದರೆ ಆ ಮನೆಯಲ್ಲಿ ಮಾತು ನಡೆಯುವುದು ಅವನ ಅಜ್ಜಿಯದು, ಅವರಿಗೆ ಶಾಸ್ತ್ರ ಜಾಸ್ತಿ ಎಂದು ಮಧ್ಯಸ್ಥಿಕೆಯವರು ಹೇಳಿದ್ದರು. ಅಕ್ಕನಿಗೆ ಬೇಕಾಗಿದ್ದದ್ದು ಒಂದೇ, ಈ ಸಲ ಏನೂ ಆರಬಾರದು, ಬೀಳಬಾರದು, ಒಡೆಯಬಾರದು.

ಮದುವೆಗೆ ತಿಂಗಳಿದ್ದಾಗ ಅಕ್ಕ ಫೋನ್ ಮಾಡಿದಳು.

"ಗಂಡಿನ ಕಡೆಯೋರು ಯೋಳಿ ಕಳ್ಸವ್ರೆ ಕಣಮ್ಮಿ. ಧಾರೆ ಕಾಯಿಗೆ ವೈರ್ ಆಕ್ಸಿ ಅಂತ ಅವರಜ್ಜಿ ಅಂದದಂತೆ. ಅದು ಅವರ ಕಡೆ ಪದ್ಧತಿಯಂತೆ. ನೀನೇ ಆಕ್ಕೊಡು."

"ಆಯ್ತು."

"ನಮ್ಮವ್ವ ಬುಟ್ಟಿ ಎಣೀತಿತ್ತಲ್ಲ, ಅಂತದ್ದೇ ಏನೋ..."

"ಅವ್ವನ ಬುಟ್ಟಿ ಸುದ್ದಿ ಬಿಡು. ವೈರ್ ಕೆಲಸ ಅಂದ್ರೆ ಏನು ಅಂತ ನನಗೆ ಗೊತ್ತಿದೆ. ನೀನು ಪಾಯಸಕ್ಕೆ ಬೆಲ್ಲ ಎಷ್ಟು ಅಂತ ನೋಡ್ಕೋ."

ಅಕ್ಕ ಬುಡು ಎನ್ನುತ್ತಾಳೆ, ನಾನು ಬಿಡು ಎನ್ನುತ್ತೇನೆ. ಇಪ್ಪತ್ತು ವರ್ಷದಿಂದ ಹುಣಸೂರಿನಲ್ಲಿದ್ದು ನಾನು ಸಂಪಾದಿಸಿದ ಸಂಸ್ಕಾರ ಅಷ್ಟು. ಆ ಸಂಸ್ಕಾರದ ಮಬ್ಬಿನಲ್ಲಿ, ಹುಟ್ಟಿದಾಗಿನಿಂದ ಗೊತ್ತಿದ್ದ ಮಾತೊಂದು ನನಗೆ ಮರೆತುಹೋಯಿತು. ನಮ್ಮ ಕಡೆ ವೈರು ಅಂದರೆ ಪ್ಲಾಸ್ಟಿಕ್ಕಿನದು, ಬುಟ್ಟಿ, ಬ್ಯಾಗು ಎಣೆಯುವ ಬಣ್ಣದ ಎಳೆ. ಲೋಹದ್ದಾದರೆ ಅದು ತಂತಿ. ಬೇಲಿಗೆ ತಂತಿ, ಬಟ್ಟೆ ಒಣಗಹಾಕಲು ತಂತಿ. ಸಾಲಿಗ್ರಾಮದಲ್ಲಿ ಕೇಳಿ, ಕೊಪ್ಪದಲ್ಲಿ ಕೇಳಿ, ಕೋಟೆ ತಾಲ್ಲೂಕಿನ ಎನ್. ಬೇಗೂರಿನಲ್ಲಿ ಕೇಳಿ, ವೈರ್ ಬ್ಯಾಗ್ ಹಿಡಿದು ಸಂತೆಗೆ ಹೊರಟ ಯಾವ ಹೆಂಗಸಾದರೂ ಇದನ್ನು ಹೇಳುತ್ತಾಳೆ. ನಾನು ಮಾತ್ರ ವಿಡಿಯೋ ನೋಡಿ ಕಲಿತವಳ ಹಾಗೆ, ವೈರ್ ಅಂದರೆ ತಂತಿ, ಹಳ್ಳಿಯ ಮುದುಕಿಗೂ ಫ್ಯಾಷನ್ ಹುಚ್ಚು ಹಿಡಿದಿದೆ ಎಂದುಕೊಂಡೆ. ಅವರ ಊರಿನ ಹೆಂಗಸರು ಹೊಗೆಸೊಪ್ಪಿನ ಅಂಟು ಕೈಯಲ್ಲೇ ಫೋನ್ ಉಜ್ಜಿ ನೋಡಿರಬೇಕು ಎಂದು ಕ್ಲಾಸಿನಲ್ಲಿ ಹೇಳಿ ನಗಿಸಿದೆ ಕೂಡ.

ಕಾಯಿಯನ್ನು ಮೈ ಬಗ್ಗಿಸಿ ಮಾಡಿದೆ. ಅದನ್ನು ಒಪ್ಪಿಕೊಳ್ಳಲೇಬೇಕು. ಜುಟ್ಟಿನ ಕಾಯಿ ತಂದು, ಮೈ ಹೆರೆದು, ಉಪ್ಪುಕಾಗದದಿಂದ ಉಜ್ಜಿ, ಅದರ ಸುತ್ತ ಕುಂಕುಮದ ಬಣ್ಣದ ಕಂಬಳಿಹುಳವನ್ನು ಬಳ್ಳಿಯಂತೆ ಹಬ್ಬಿಸಿದೆ. ನಡುನಡುವೆ ಚಿನ್ನದ ಬಣ್ಣದ ಸಣ್ಣ ತಂತಿಯಲ್ಲಿ ಎಲೆ. ಎಲ್ಲ ತುದಿಗಳನ್ನೂ ಕಾಯಿಯ ತಳಕ್ಕೆ ತಂದು, ತಿರುಚಿ, ಇಕ್ಕಳದಲ್ಲಿ ಕತ್ತರಿಸಿ ಒಳಕ್ಕೆ ಮಡಿಸಿದೆ.

ನೀರಿನ ವಿಷಯ ನೆನಪಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಧಾರೆ ಎಂದರೆ ಇನ್ನೇನು, ನೀರೇ. ಆದರೆ ನಾನು ಸಾಮಾನು ಒದಗಿಸುವ ಮದುವೆಗಳಲ್ಲಿ ಧಾರೆಗೆ ಅಪ್ಪ ಅಮ್ಮ ಒಂದೊಂದು ಚಮಚ ಹಾಲು ಬಿಡುತ್ತಾರೆ, ಫೋಟೋದವನು ಇನ್ನೊಂದು ಸಲ ಎನ್ನುತ್ತಾನೆ, ಇನ್ನೊಂದು ಚಮಚ ಬಿಡುತ್ತಾರೆ, ಮುಗಿಯಿತು. ಅದಕ್ಕೇನು ಹೆದರುವುದು ಎಂದು ಮೇಲೆ ಎರಡು ಸಲ ವಾರ್ನಿಷ್ ಹೊಡೆದೆ. ಒಣಗಿದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬೀರುವಿನಲ್ಲಿಟ್ಟೆ. ಹಸಿ ಕಾಯಿ ಆ ಕವರಿನೊಳಗೆ ಮೂರು ವಾರ ಬೆವರಿರಬೇಕು. ತೆಗೆದು ನೋಡುವಷ್ಟು ಅನುಮಾನ ನನಗೆ ನನ್ನ ಮೇಲೆ ಬರಲಿಲ್ಲ. ಅನುಮಾನವೇನಿದ್ದರೂ ಬೇರೆಯವರ ಮೇಲೆ.

ಮದುವೆಯ ಹಿಂದಿನ ದಿನ ಸಾಲಿಗ್ರಾಮದ ಕಡೆಗೆ ಹೋದೆ. ಅಕ್ಕನ ಮನೆ ಮುಂದೆ ಚಪ್ಪರ ಹಾಕಿತ್ತು, ನಂಟರು ಊಟ ಮುಗಿಸಿ ಚಾಪೆಯ ಮೇಲೆ ಕೂತಿದ್ದರು. ಹತ್ತಿಪ್ಪತ್ತು ಜನ ಹೆಂಗಸರ ನಡುವೆ ಕಾಯಿಯನ್ನು ಕವರಿನಿಂದ ತೆಗೆದೆ. ಅಯ್ಯೋ ಎಷ್ಟು ಚೆಂದ ಎಂದರು. ಅಂಥವರಿಗೆ ಚೆಂದ ಎನಿಸುವುದು ಕಷ್ಟವೇನಲ್ಲ, ಆದರೂ ಹಿಗ್ಗಿದೆ. ಅಕ್ಕನ ಮಗಳು ಅರಿಶಿನದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಕಾಯಿಯನ್ನು ಬೊಗಸೆಯಲ್ಲಿ ತೆಗೆದುಕೊಂಡಳು. ಒಮ್ಮೆ ಬಿಗಿಯಾಗಿ ಹಿಡಿದು ನೋಡಿದಳು. ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು.

"ಚಿಕ್ಕವ್ವ, ಬುಡದಲ್ಲಿ ಏನೋ ಚುಚ್ತದೆ."

ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಮಹಾರಾಣಿಯವರ ಕೈಗೆ ಚುಚ್ಚುತ್ತಂತೆ. ಎರಡು ನಿಮಿಷ ಹಿಡಿಯೋಕೆ ಮೆತ್ತೆ ಹೊಲಿಸಬೇಕೇನೋ. ಹೋದ ಸಲದವರು ದೀಪ ಆರ್ತು ಅಂತ ಓಡಿದ್ರು, ಇವರು ಹುಡುಗಿ ಕೈ ಸವೀತು ಅಂತ ಓಡ್ಲಿ."

ಚಾಪೆಯ ಮೇಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಕಾಯಿಯನ್ನು ವಾಪಸು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನಾನು ಅದನ್ನು ತಿರುಗಿಸಿಯೂ ನೋಡದೆ ಮತ್ತೆ ಕವರಿಗೆ ಹಾಕಿದೆ.

ಮಾರನೆಯ ಬೆಳಿಗ್ಗೆ ಪಿರಿಯಾಪಟ್ಟಣದ ಛತ್ರದಲ್ಲಿ ಧಾರೆ. ಗಂಡಿನ ಬೊಗಸೆ ಕೆಳಗೆ, ಅದರೊಳಗೆ ಹೆಣ್ಣಿನ ಬೊಗಸೆ, ಅದರ ಮೇಲೆ ಕಾಯಿ, ಕೆಳಗೆ ನೀರು ಬೀಳಲು ಹಿತ್ತಾಳೆಯ ಪರಾತ. ಅಜ್ಜಿಯನ್ನು ಆಗಲೇ ನಾನು ಹತ್ತಿರದಿಂದ ನೋಡಿದ್ದು. ಉದ್ದನೆಯ, ಒಣಕಲು ಮೈ, ಸೊಪ್ಪು ಕಟ್ಟಿ ಕಟ್ಟಿ ಕಪ್ಪಾದ ಬೆರಳು. ಕಾಯಿ ನೋಡಿ ನನ್ನ ಕಡೆ ತಿರುಗಿದರು.

"ಇದೇನವ್ವ ಇದು, ವೈರ್ ಎಲ್ಲಿ?"

"ಇದೇ ವೈರು ಅಜ್ಜಿ. ಒರಿಜಿನಲ್ಲು," ಎಂದೆ, ಕಿವುಡರಿಗೆ ಹೇಳುವ ಹಾಗೆ.

ಅವರು ಬಾಯಿ ತೆರೆದರು, ಪುರೋಹಿತರು ಮುಹೂರ್ತ ಮೀರುತ್ತದೆ ಎಂದರು, ಅವರು ಬಾಯಿ ಮುಚ್ಚಿದರು. ಅಪ್ಪ ಅಮ್ಮ ಹಾಲುನೀರು ಬಿಟ್ಟರು. ಮುಗಿಯಿತು ಎಂದು ನಾನು ಕಾಯಿ ತೆಗೆದುಕೊಳ್ಳಲು ಮುಂದೆ ಬಂದರೆ, ಛತ್ರದ ಬಾಗಿಲವರೆಗೂ ಸಾಲು ನಿಂತಿತ್ತು. ಗಂಡಿನ ಊರಿಗೆ ಊರೇ ಬಂದಿತ್ತು. ಅವರ ಕಡೆ ಬಂದವರೆಲ್ಲ ಧಾರೆ ಎರೆಯುತ್ತಾರೆ. ಚಮಚದಲ್ಲಿ ಅಲ್ಲ, ಗಿಂಡಿಯಲ್ಲಿ.

ಮೊದಲ ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಕಂಬಳಿಹುಳ ನೆನೆದು ಕಾಯಿಗೆ ಅಂಟಿಕೊಂಡಿತು, ಬಣ್ಣ ಬಿಡಲು ಶುರುವಾಯಿತು. ಹಾಲು ಬೆರೆತ ನೀರು ಮೊದಲು ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು. ಬಣ್ಣದ ಹಿಂದೆಯೇ ಮೂರು ವಾರ ಒಳಗೇ ಕೂತಿದ್ದ ತುಕ್ಕು ಇಳಿಯಿತು. ಹುಡುಗಿಯ ಮಣಿಕಟ್ಟಿನಿಂದ ಗಂಡಿನ ಬಿಳಿ ಪಂಚೆಯ ಮೇಲೆ ಕಂದುಗೆಂಪು ನೀರು ತೊಟ್ಟಿಕ್ಕುತ್ತಿತ್ತು. ವಾರ್ನಿಷ್ ಮಾತ್ರ ತನ್ನ ಕೆಲಸ ಮಾಡಿತು, ಕಾಯಿಯನ್ನು ಸೋಪಿನಂತೆ ಜಾರುವ ಹಾಗೆ ಮಾಡಿತು. ಹುಡುಗಿಯ ಬೆರಳುಗಳು ಬಿಳುಪೇರುವಷ್ಟು ಬಿಗಿಯಾಗಿದ್ದವು.

ಸಾಲಿನಲ್ಲಿದ್ದ ಒಬ್ಬ ಹೆಂಗಸು ಗಿಂಡಿ ಎತ್ತಿದವಳು ಹಾಗೇ ನಿಂತಳು. "ಇದೇನು, ರಕ್ತ ಬಂದಂಗೆ ಬತ್ತದಲ್ಲ," ಎಂದಳು. ಅವಳ ಹಿಂದಿನವರು ಇಣುಕಿದರು. ಗುಸುಗುಸು ಹಿಂದಕ್ಕೆ ಹೋಯಿತು. ಅಕ್ಕ ಕಂಬ ಹಿಡಿದುಕೊಂಡಳು. ಎರಡು ವರ್ಷದ ಹಿಂದಿನ ದೀಪ ಅವಳ ಮುಖದಲ್ಲಿ ಮತ್ತೆ ಆರುತ್ತಿತ್ತು.

ಅಜ್ಜಿ ಎದ್ದು ಬಂದರು. ಆ ಹೆಂಗಸಿನ ಕೈಯಿಂದ ಗಿಂಡಿ ಕಿತ್ತುಕೊಂಡು, ಕಾಯಿಯ ಮೇಲೆ ಪೂರ್ತಿ ಸುರಿದು, ಛತ್ರದ ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದರು.

"ಕುಂಕುಮದ ನೀರು ಕಣ್ರೀ. ಮುತ್ತೈದೆ ಕೈಲಿ ಇನ್ನೇನ್ ಬಣ್ಣ ಬಂದದು? ಉಯ್ರಿ ಬೇಗ, ಬಿಸ್ಲೇರ್ತದೆ."

ಸಾಲು ಮುಂದೆ ಸರಿಯಿತು. ಊರಿನವರು ಒಬ್ಬೊಬ್ಬರಾಗಿ ಎರೆದರು, ಕುಂಕುಮದ ನೀರು ಎಂದೇ ಎರೆದರು. ಒಂದು ಗಂಟೆ ಇಪ್ಪತ್ತು ನಿಮಿಷ. ಹುಡುಗಿ ತಲೆ ತಗ್ಗಿಸಿ ಅಲುಗಾಡದೆ ಕೂತಿದ್ದಳು. ಕಾಯಿ ಜಾರಲಿಲ್ಲ.

ಆದ ಮೇಲೆ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದರು. ಬೈಯಲಿಲ್ಲ, ಅದಕ್ಕೇ ಸಿಟ್ಟು ಬಂತು ನನಗೆ.

"ವೈರಲ್ಲಿ ಬಲೆ ಎಣುದು ಆಕುದ್ರೆ ಕೈಗೆ ಹಿಡ್ತ ಸಿಕ್ತದೆ ಕಣವ್ವ, ಎಷ್ಟ್ ನೀರುಯ್ದ್ರೂ ಕಾಯಿ ಜಾರಕಿಲ್ಲ. ಅದ್ಕೇ ಯೋಳಿ ಕಳ್ಸಿದ್ದು. ನಿಮ್ಮ ಕಡೆ ವೈರು ಅಂದ್ರೆ ಇದಾ?"

ನಮ್ಮ ಕಡೆಯೂ ವೈರು ಅಂದರೆ ಅದೇ ಎಂದು ಹೇಳಲು ನನಗೆ ನಾಚಿಕೆಯಾಯಿತು. ಹೌದು ಎಂದೆ. ಅದೊಂದು ಸುಳ್ಳನ್ನು ಅವರು ನಂಬಿದಂತೆ ಮಾಡಿದರು.

ಹೆಣ್ಣಿನ ಕೋಣೆಗೆ ಹೋದಾಗ ಹುಡುಗಿ ಒಬ್ಬಳೇ ಕೂತಿದ್ದಳು. ಸೀರೆಯ ಮಡಿಲಲ್ಲಿ ಎರಡೂ ಕೈ ಮುಚ್ಚಿಟ್ಟುಕೊಂಡಿದ್ದಳು. ಬಣ್ಣ ತೊಳೆದುಕೋ ಬಾ ಎಂದು ಅವಳ ಬಲಗೈ ಎಳೆದೆ. ಬೆರಳು ಬಿಡಿಸಿದರೆ ಅಂಗೈಯ ನಡುವೆ ಐದಾರು ಕಡೆ ತೂತು, ಒಂದು ಕಡೆ ಉದ್ದಕ್ಕೆ ಸೀಳಿತ್ತು. ನಾನು ಒಳಕ್ಕೆ ಮಡಿಸಿದ್ದ ತಂತಿಯ ತುದಿಗಳು ನೂಲು ನೆನೆದು ಸಡಿಲವಾದ ಮೇಲೆ ಹೊರಗೆ ಬಂದಿದ್ದವು. ಅವಳು ಕಾಯಿ ಜಾರದ ಹಾಗೆ ಬಿಗಿ ಹಿಡಿದಷ್ಟೂ ಅವು ಒಳಗೆ ಹೋಗಿದ್ದವು. ಗಾಯದ ಬಾಯಿಯಲ್ಲಿ ತುಕ್ಕು ಕೂತಿತ್ತು. ಪರಾತಕ್ಕೆ ಬಿದ್ದದ್ದರಲ್ಲಿ ಎಷ್ಟು ಬಣ್ಣ, ಎಷ್ಟು ತುಕ್ಕು, ಎಷ್ಟು ಅವಳದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

"ಯಾಕೆ ಹೇಳಲಿಲ್ಲ? ಒಂದು ಸನ್ನೆ ಮಾಡಿದ್ರೆ ಕಾಯಿ ಬದಲಾಯಿಸ್ತಿದ್ದೆ."

"ನೆನ್ನೆ ಹೇಳಿದ್ನಲ್ಲ ಚಿಕ್ಕವ್ವ."

"ನೆನ್ನೆ ಬಿಡು. ಇವತ್ತು?"

ಅವಳು ಕೈಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಅಳುತ್ತಿರಲಿಲ್ಲ. ಸಿಟ್ಟೂ ಇರಲಿಲ್ಲ.

"ಹೇಳಿದ್ರೆ ಇವತ್ತೂ ನೀನು ಎಲ್ರ ಮುಂದೆ ಆಡ್ಕೋತಿದ್ದೆ. ಅವರ ಊರೋರೆಲ್ಲ ಇದ್ರು. ಈ ನೋವಾದ್ರೆ ಒಂದು ಗಂಟೆ, ಹೆಂಗೋ ತಡ್ಕೊಂಡ್ರಾಯ್ತು ಅನ್ಕೊಂಡೆ."

ನಾನು ಆಟೋ ಕರೆಸಿದೆ. ಧಾರೆ ಸೀರೆಯಲ್ಲೇ ಅವಳನ್ನು ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಕ್ಕನಿಗೆ ಹೇಳಲಿಲ್ಲ. ದಾರಿಯಲ್ಲಿ ಏನಾದರೂ ಮಾತಾಡಬೇಕು ಎಂದು ಬಾಯಿ ತೆರೆದಾಗಲೆಲ್ಲ ಬಂದದ್ದು ಯಾರನ್ನಾದರೂ ಹೀಯಾಳಿಸುವ ಮಾತೇ, ಆಟೋದವನನ್ನು, ಛತ್ರದ ಅಡಿಗೆಯವರನ್ನು, ಗಿಂಡಿ ಹಿಡಿದ ಆ ಹೆಂಗಸನ್ನು. ಬೇರೆ ಥರದ ಮಾತು ನನ್ನಲ್ಲಿ ದಾಸ್ತಾನೇ ಇರಲಿಲ್ಲ.

ಕ್ಲಿನಿಕ್ಕಿನಲ್ಲಿ ನರ್ಸಮ್ಮ ಗಾಯ ತೊಳೆದು ಒಂದೊಂದೇ ತೂತಿಗೆ ಔಷಧಿ ಒತ್ತಿದರು. ಧನುರ್ವಾಯು ಇಂಜೆಕ್ಷನ್‌ಗೆ ಸಿರಿಂಜು ತುಂಬಿಸುತ್ತಾ ಕೇಳಿದರು.

"ಏನಮ್ಮ ಚುಚ್ಚಿದ್ದು?"

ಹುಡುಗಿ ಮೊದಲು ನನ್ನ ಮುಖ ನೋಡಿದಳು. ಇಪ್ಪತ್ತಾರು ವರ್ಷದವಳು, ನಲವತ್ತು ಮಕ್ಕಳಿಗೆ ಪಾಠ ಹೇಳುವವಳು, ಅವತ್ತು ಬೆಳಿಗ್ಗೆ ಮದುವೆಯಾದವಳು, ಬಾಯಿ ಬಿಡುವ ಮುಂಚೆ ನಾನು ನಗುತ್ತೇನೋ ಎಂದು ನೋಡಿಕೊಂಡಳು. ರಜೆಗೆ ಬರುತ್ತಿದ್ದಾಗಿನಿಂದ ಅವಳು ಹೀಗೆ ನೋಡುತ್ತಲೇ ಇದ್ದಿರಬೇಕು. ನಾನದನ್ನು ಪ್ರೀತಿ ಎಂದುಕೊಂಡಿದ್ದೆ.

"ತಂತಿ," ಎಂದೆ ನರ್ಸಮ್ಮನಿಗೆ. "ನಾನು ಸುತ್ತಿದ್ದು. ಚುಚ್ಚುತ್ತೆ ಅಂತ ಅವಳು ನೆನ್ನೆನೇ ಹೇಳಿದ್ಲು."